ಕರೆಂಟು ಹೋದ ದಿನಗಳ ಲೆಕ್ಕ

ಬ್ಯಾಂಕಿನ ಸಾಲಕ್ಕೆಂದು ನಾನು ಬರೆದ ಮೊದಲ ಆಸ್ತಿಪಟ್ಟಿ ಇವತ್ತಿಗೂ ನನಗೆ ಬಾಯಿಪಾಠ. ಭಂಕೂರದ ಹತ್ತಿರದ ಕಲ್ಲಿನ ಖಣಿ, ಗುತ್ತಿಗೆಯದು. ಶಹಾಬಾದದ ಸ್ಟೇಶನ್ ರಸ್ತೆಯಲ್ಲಿ ಬಯಲು ಜಾಗ, ತಗಡಿನ ಶೆಡ್ಡು. ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವ ಯಂತ್ರ ಒಂದು. ಬಂಡಿ ಎರಡು, ಎತ್ತು ನಾಲ್ಕು. ಎತ್ತುಗಳ ಬಾಯಿ ತೆರೆಸಿ ಹಲ್ಲು ನೋಡಿ, ಒಂದೊಂದರ ವಯಸ್ಸು, ಬೆಲೆ ಬೇರೆ ಬೇರೆ ಬರೆದಿದ್ದೆ. ಎಲ್ಲಕ್ಕಿಂತ ಕೆಳಗೆ ‘ಕೆಲಸಗಾರರು’ ಅಂತ ಒಂದು ಸಾಲು, ಅದರ ಮುಂದೆ ಒಂದು ಸಂಖ್ಯೆ. ಆ ಸಂಖ್ಯೆಯೊಳಗೆ ಎಲ್ಲೋ ನಮ್ಮ ಕಲ್ಲು ನೋಡುವ ಚಾಚಾ ಇದ್ದರು. ನಮ್ಮ ಎತ್ತಿಗೆ ಸಿಕ್ಕ ಮರ್ಯಾದೆ ಅವರಿಗೆ ನನ್ನ ಪಟ್ಟಿಯಲ್ಲಿ ಸಿಕ್ಕಿರಲಿಲ್ಲ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ. ಬಿ.ಕಾಂ. ಪಾಸಾದ ಹೊಸತು, ಹೊಳೆಯಬೇಕಾದರೂ ಹೇಗೆ?

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿ ಮೂರ್ನಾಲ್ಕು ವರ್ಷ ಕಳೆದಿದ್ದವು. ನಮ್ಮ ಶೆಡ್ಡಿನ ಬೋರ್ಡಿನ ಮೇಲೆ ಮಾತ್ರ ಇನ್ನೂ ‘ಮೈಸೂರು ರಾಜ್ಯ’ ಅಂತಲೇ ಇತ್ತು. ಬಣ್ಣಕ್ಕೆ ಯಾಕೆ ದುಡ್ಡು ಹಾಕಬೇಕು, ಗಿರಾಕಿ ಬೋರ್ಡು ನೋಡಿ ಬರುತ್ತಾನೋ ಕಲ್ಲು ನೋಡಿ ಬರುತ್ತಾನೋ ಎಂದು ಅಪ್ಪ ಕೇಳುತ್ತಿದ್ದ. ತೆಂಗಳಿಯಲ್ಲಿದ್ದ ತನ್ನ ಪಾಲಿನ ಹೊಲ ಮಾರಿ ಖಣಿ ಹಿಡಿದ ಮನುಷ್ಯ ಅವನು. ದುಡ್ಡು ಬಿಚ್ಚುವ ಮುಂಚೆ ಹತ್ತು ಸಲ ಯೋಚಿಸುತ್ತಿದ್ದ, ಹನ್ನೊಂದನೆಯ ಸಲ ತಾನು ಭಾಯಿ ಎಂದು ಕರೆಯುತ್ತಿದ್ದ ಚಾಚಾನನ್ನು ಕೇಳುತ್ತಿದ್ದ.

ಚಾಚಾ ಸೇಡಂ ಕಡೆಯವರು. ಹುಡುಗನಾಗಿದ್ದಾಗಲೇ ಚಿತ್ತಾಪುರದ ಖಣಿಗಳಲ್ಲಿ ಕೆಲಸ ಕಲಿತು, ಅಪ್ಪ ಖಣಿ ಹಿಡಿದ ವರ್ಷ ನಮ್ಮಲ್ಲಿಗೆ ಬಂದವರು. ಅವರ ಕೆಲಸ ನೋಡಿದವರಿಗೆ ಅದು ಕೆಲಸವೆಂದೇ ಅನಿಸುತ್ತಿರಲಿಲ್ಲ. ಖಣಿಯಿಂದ ಬಂದ ಪರಸಿಗಳನ್ನು ಹಮಾಲರು ಬೇವಿನ ಮರದ ಕೆಳಗೆ ಓರೆಯಾಗಿ ನಿಲ್ಲಿಸುತ್ತಿದ್ದರು. ಚಾಚಾ ಅಲ್ಲಿ ಒಂದು ಕಲ್ಲಿನ ಮೇಲೆ ಕೂತು, ಅಂಗೈಯಷ್ಟೇ ಉದ್ದದ ಹತೋಡಿಯಿಂದ ಪ್ರತಿ ಪರಸಿಗೂ ಎರಡು ಮೂರು ಕಡೆ ಮೆಲ್ಲಗೆ ಬಡಿಯುವರು. ಗಟ್ಟಿ ಕಲ್ಲು ಕಂಚಿನ ತಟ್ಟೆಯ ಹಾಗೆ ಟಣ್ ಎನ್ನುತ್ತಿತ್ತು. ಒಳಗೆ ಕಾಣದ ಬಿರುಕಿದ್ದರೆ ದನಿ ಸ್ವಲ್ಪ ಮಂದ, ನಮ್ಮ ನಿಮ್ಮ ಕಿವಿಗೆ ತಿಳಿಯದಷ್ಟು. ಗಟ್ಟಿಯಿದ್ದದ್ದಕ್ಕೆ ಕೆಮ್ಮಣ್ಣಿನಲ್ಲಿ ಒಂದು ಗೀಟು ಎಳೆಯುವರು, ಅದು ದೊಡ್ಡ ಅಳತೆಗೆ ಕೊಯ್ದು ದೂರದ ಊರಿಗೆ ಹೋಗುವ ಕಲ್ಲು. ಬಿರುಕಿದ್ದದ್ದಕ್ಕೆ ಕತ್ತರಿ ಗುರುತು, ಅದನ್ನು ಚಿಕ್ಕ ತುಂಡು ಮಾಡಿ ಇಲ್ಲಿಯೇ ಅಂಗಳಕ್ಕೆ, ಬಚ್ಚಲಿಗೆ ಮಾರುವುದು. ಗುರುತು ತಪ್ಪಿದರೆ ಪರಸಿ ಕೊಯ್ಯುವಾಗ ಒಡೆಯುತ್ತಿತ್ತು, ಇಲ್ಲವೆ ರೈಲಿನ ವ್ಯಾಗನ್ನಿಗೆ ಏರಿಸುವಾಗ ಎರಡು ಹೋಳಾಗುತ್ತಿತ್ತು. ಚಾಚಾನ ಗುರುತು ತಪ್ಪಿದ್ದು ಅಪರೂಪ.

ನಾನು ಸಾಲೆ ಬಿಟ್ಟು ಬಂದವಳೇ ಆ ಬೇವಿನ ಕೆಳಗೆ ಹೋಗಿ ಅವರ ಮುಂದೆ ತಲೆ ಬಗ್ಗಿಸಿ ನಿಲ್ಲುತ್ತಿದ್ದೆ. ಅದು ನಮ್ಮಿಬ್ಬರ ಆಟ. ಬೆರಳಿನ ಗೆಣ್ಣಿನಿಂದ ನೆತ್ತಿಗೆ ಎರಡು ಸಲ ಬಡಿದು, ಕಿವಿ ಹತ್ತಿರ ತಂದು, ಭಾರಿ ಯೋಚನೆಯ ಮುಖ ಮಾಡಿ, “ಗಟ್ಟಿ ಅದ. ದೊಡ್ಡ ಅಳತಿಗೆ ಹೋಗ್ತದ” ಎನ್ನುವರು. ಗುಲಬರ್ಗಾದ ಕಾಲೇಜಿಗೆ ಹೆಸರು ಹಚ್ಚಿದ ದಿನವೂ ಬಡಿದು ಹಾಗೆಯೇ ಹೇಳಿದರು. ಖಣಿ ಮಾಲೀಕರ ಮಗಳು ದಿನಾ ರೈಲು ಹತ್ತಿ ಲೆಕ್ಕ ಕಲಿಯಲು ಹೋಗುವುದೆಂದರೆ ನಮ್ಮ ಓಣಿಯಲ್ಲಿ ಒಂದು ತಿಂಗಳ ಮಾತಾಯಿತು. ಅಪ್ಪ ಹಿಂದೆ ಸರಿಯದಂತೆ ನೋಡಿಕೊಂಡವರು ಚಾಚಾ.

ನಾನು ಕೊನೆಯ ವರ್ಷದಲ್ಲಿದ್ದಾಗ ನಮ್ಮ ಯಂತ್ರ ಬಂತು. ಅದನ್ನು ಎಲ್ಲಿ ಕೂಡಿಸುವುದೆಂದು ಅಪ್ಪ ಒಂದು ವಾರ ತಲೆ ಕೆಡಿಸಿಕೊಂಡ. ಬಯಲು ಬೇಕಾದಷ್ಟಿತ್ತು. ಆದರೆ ಅಪ್ಪನಿಗೆ ಒಂದು ನಂಬಿಕೆ, ಚಾಚಾ ಕೂತ ಜಾಗದಲ್ಲಿ ಬರ್ಕತ್ ಇದೆ ಅಂತ. ಖಣಿ ಹಿಡಿದ ಮೊದಲ ವರ್ಷ, ವ್ಯಾಪಾರ ಮುಳುಗಿತು ಎಂದು ಎಲ್ಲರೂ ಅಂದಾಗ, ಆ ಬೇವಿನ ಕೆಳಗೆ ಕೂತು ಚಾಚಾ ಗೀಟು ಎಳೆದ ಕಲ್ಲಿನಿಂದಲೇ ನಾವು ಎದ್ದು ನಿಂತಿದ್ದೆವು. ಹಾಗಾಗಿ ಯಂತ್ರವೂ ಅಲ್ಲೇ, ಅವರ ಮಗ್ಗುಲಲ್ಲೇ, ನಾಲ್ಕು ಹೆಜ್ಜೆ ದೂರದಲ್ಲಿ. ಚಾಚಾನೇ ಸುಣ್ಣದ ಗೆರೆ ಹಾಕಿ ಜಾಗ ತೋರಿಸಿದರು, ಅವರೇ ನಿಂಬೆಹಣ್ಣು ಕೊಯ್ದರು. ಯಂತ್ರ ಮೊದಲ ಪರಸಿ ಕೊಯ್ದಾಗ ಮೊಮ್ಮಗ ನಡೆದದ್ದನ್ನು ಕಂಡವರ ಹಾಗೆ ನಕ್ಕರು. ಪ್ರೀತಿಯಿಂದ ಮಾಡಿದ ತಪ್ಪನ್ನು ಯಾರೂ ತಪ್ಪೆಂದು ಅನುಮಾನಿಸುವುದಿಲ್ಲ, ನಾವೂ ಅನುಮಾನಿಸಲಿಲ್ಲ.

ಪಾಸಾಗಿ ಬಂದ ನಾನು ಅಪ್ಪನ ಚೀಟಿಗಳ ಗಂಟನ್ನು ಬಿಚ್ಚಿ, ಪುಸ್ತಕ ಹಾಕಿ, ಗೆರೆ ಎಳೆದು ಕೂತೆ. ನನ್ನ ದೊಡ್ಡ ಸುಧಾರಣೆಯೆಂದರೆ ಒಡಕಿನ ಪುಸ್ತಕ. ಚಾಚಾ ಗುರುತು ಹಾಕಿದ ಪ್ರತಿ ಪರಸಿಯ ಅಂಚಿಗೆ ಅವತ್ತಿನ ತಾರೀಖನ್ನೂ ಕೆಮ್ಮಣ್ಣಿನಲ್ಲಿ ಬರೆಸಿದೆ. ಎಂಟು ದಿನ ಬಿಟ್ಟೋ, ಹದಿನೈದು ದಿನ ಬಿಟ್ಟೋ ಒಂದು ಕಲ್ಲು ಒಡೆದರೆ, ಯಾವ ದಿನ ಬಡಿದು ನೋಡಿದ ಕಲ್ಲು ಅದು ಎಂದು ಪುಸ್ತಕದಲ್ಲಿ ಏರಿಸುತ್ತಿದ್ದೆ. ಹಮಾಲರು ನಗುತ್ತಿದ್ದರು. “ಕಲ್ಲಿಗೂ ಜಾತಕ ಬರಸ್ತಾಳ್ರಿ ನಮ್ಮ ಅಕ್ಕ” ಅಂತ.

ಆರು ತಿಂಗಳ ಲೆಕ್ಕವನ್ನು ಎರಡು ಸಲ ಕೂಡಿಸಿ ನೋಡಿದೆ. ಚಾಚಾ ಗಟ್ಟಿ ಎಂದ ಕಲ್ಲುಗಳೇ ಒಡೆಯುತ್ತಿದ್ದವು. ಮುಂಚೆ ತಿಂಗಳಿಗೆ ಒಂದೋ ಎರಡೋ ಒಡೆದರೆ ಹೆಚ್ಚು ಎಂದು ಅಪ್ಪ ಹೇಳುತ್ತಿದ್ದ. ಈಗ ವಾರಕ್ಕೆ ಅಷ್ಟು. ಸೊಲ್ಲಾಪುರದ ಒಬ್ಬ ಗಿರಾಕಿ ಒಂದು ಪೂರ್ತಿ ಮಾಲು ವಾಪಸು ಕಳಿಸಿದ್ದ. ಅದೇ ಹೊತ್ತಿಗೆ ಅಪ್ಪ ಎರಡನೆಯ ಯಂತ್ರದ ಮಾತು ತೆಗೆದಿದ್ದ. ನಾನು ಕಾಲೇಜಿನಲ್ಲಿ ಕಲಿತದ್ದೆಲ್ಲ ಒಮ್ಮೆಲೆ ನೆನಪಾಯಿತು. ಯಂತ್ರ ಆಸ್ತಿ, ಪಗಾರ ಖರ್ಚು. ಆಸ್ತಿ ಬೆಳೆಸಬೇಕು, ಖರ್ಚು ಕಡಿಯಬೇಕು. ಪುಸ್ತಕ ತೆರೆದು ಅಪ್ಪನ ಮುಂದಿಟ್ಟು, ಚಾಚಾಗೆ ವಯಸ್ಸಾಯಿತು, ಕಿವಿ ಕೇಳುತ್ತಿಲ್ಲ, ಅವರ ಪಗಾರ ಮತ್ತು ಒಡಕಿನ ನಷ್ಟ ಎರಡೂ ಉಳಿದರೆ ಹೊಸ ಯಂತ್ರದ ಕಂತು ತಾನಾಗಿ ಹುಟ್ಟುತ್ತದೆ ಎಂದು ಹೇಳಿಬಿಟ್ಟೆ. ಹೇಳಿದವಳು ನಾನು. ಬೇರೆ ಯಾರ ಮೇಲೂ ಹಾಕಲಿಕ್ಕೆ ಬರುವುದಿಲ್ಲ.

ಅಪ್ಪ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಊಟಕ್ಕೆ ಕೂತಾಗ ತಾಟು ನೋಡುತ್ತಲೇ, “ಸೋಮವಾರ ಬ್ಯಾಂಕಿನವರು ಬರ್ತಾರ. ಅದರೊಳಗ ಭಾಯಿಗೆ ತಿಳಿಸಬೇಕು. ನನ್ನ ಬಾಯಿಂದ ಆಗಂಗಿಲ್ಲ ಅವ್ವಾ. ಲೆಕ್ಕ ತಗದಾಕಿ ನೀನು, ನೀನ ಹೋಗಿ ಹೇಳು” ಎಂದ. ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದ. ಹೇಳಿಬರಲು ನನಗೂ ಧೈರ್ಯವಿರಲಿಲ್ಲ, ಹೋಗದೆ ಇರಲು ಸೊಕ್ಕು ಬಿಡಲಿಲ್ಲ. ಶುಕ್ರವಾರ ನಮಾಜು ಮುಗಿದ ಮೇಲೆ ಚಾಚಾನ ಮನೆಗೆ ಹೋದೆ.

ಚಾಚಾ ಪಡಸಾಲೆಯಲ್ಲಿ ಒಂದು ಮಗ್ಗುಲಾಗಿ ಮಲಗಿದ್ದರು. ಚಾಚಿ ಅವರ ಕಿವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ಹನಿ ಬಿಡುತ್ತಿದ್ದರು. ನನ್ನನ್ನು ನೋಡಿ ಗಡಬಡಿಸಿ ಎದ್ದು ಕೂತ ಚಾಚಾ, ಎಣ್ಣೆ ಕೊರಳಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, “ಬಾ ಬೇಟಿ, ಕುಂದ್ರು” ಎಂದರು. ನಾನು ಬಾಯಿ ತೆರೆಯುವ ಮುಂಚೆ ಅವರೇ ಶುರು ಮಾಡಿದರು.

“ನೀ ಯಾಕ ಬಂದೀ ನನಗ ಗೊತ್ತದ. ನಿನ್ನ ಪುಸ್ತಕದಾಗಿಂದು ಹಮಾಲರು ಹೇಳ್ಯಾರ. ಸುಳ್ಳಲ್ಲ ಅದು. ಎಲ್ಲಾ ಕಲ್ಲೂ ನನಗ ಗಟ್ಟಿನೇ ಕೇಳಾಕತ್ತಾವ. ವಾಡಿಗೆ ಹೋಗಿ ಹಕೀಮರಿಗೆ ತೋರಿಸ್ದೆ, ದರ್ಗಾಕ್ಕ ಹೋಗಿ ಬೇಡಿಕೊಂಡೆ. ಅಲ್ಲಾ ಕೊಟ್ಟಿದ್ದ, ಅಲ್ಲಾ ತಗೊಂಡ. ನೀ ಹೇಳಬ್ಯಾಡ. ನಿನ್ನ ಬಾಯಿಂದ ಅದು ಬರೋದು ಬ್ಯಾಡ. ಸೋಮವಾರ ನಾನೇ ಬಂದು ಸಾವ್ಕಾರ್ರ ಕೈಯಾಗ ಹತೋಡಿ ಕೊಟ್ಟು ಬರ್ತೀನಿ.”

ನನಗೆ ಅಳು ಬಂತು. ಅಳುತ್ತಿರುವುದು ಕಾಣಬಾರದೆಂದು ಎದ್ದು ಹೊರಗೆ ಬಂದೆ. ಚಾಚಿ ಬಾಗಿಲತನಕ ಬಂದು ದನಿ ತಗ್ಗಿಸಿ ಹೇಳಿದರು, “ನನಗ ತಿಳೀವಲ್ದು ಬೇಟಿ. ಮನ್ಯಾಗ ಇವರಿಗೆ ಎಲ್ಲಾ ಕೇಳ್ತದ. ನಿನ್ನೆ ಮಾಳಗಿ ಮ್ಯಾಲ ಬೆಕ್ಕು ನಡದದ್ದು ಕೇಳಿ ಎದ್ದಾರ. ನಾ ಸೊಸಿ ಕೂಡ ಗುಸುಗುಸು ಮಾತಾಡಿದ್ದು ಕೇಳಿ ಜಗಳ ತಗದಾರ. ಕೆಲಸಕ್ಕ ಹೋದ್ರ ಮಾತ್ರ ಕಿವಿ ಎಲ್ಲಿ ಹೋಗ್ತಾವೋ!”

ಬೆಕ್ಕು ನಡೆದದ್ದು ಕೇಳುವ ಕಿವಿಗೆ ಬಡಿದ ಕಲ್ಲು ಕೇಳುವುದಿಲ್ಲ ಎಂದರೇನು? ದಾರಿಯುದ್ದಕ್ಕೂ ಅದೇ ಹಿಡಿದುಕೊಂಡಿತು.

ಶನಿವಾರ ಮಧ್ಯಾಹ್ನ ಬ್ಯಾಂಕಿನ ಕಾಗದ ತುಂಬಲು ಕೂತಿದ್ದೆ. ಈಗಿನ ಯಂತ್ರ ದಿನಕ್ಕೆ ಎಷ್ಟು ತಾಸು ನಡೆಯುತ್ತದೆ ಎಂದು ಒಂದು ಪ್ರಶ್ನೆ ಇತ್ತು. ಆ ವರ್ಷಗಳಲ್ಲಿ ನಮ್ಮ ಕಡೆ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಕೆಲವೊಮ್ಮೆ ಎರಡೆರಡು ದಿನ ಬರುತ್ತಿರಲಿಲ್ಲ. ಯಂತ್ರ ನಡೆಸುವವನು ಕರೆಂಟು ಇದ್ದ ಹೊತ್ತು, ಇಲ್ಲದ ಹೊತ್ತು ಒಂದು ನೋಟುಬುಕ್ಕಿನಲ್ಲಿ ಗೀಚಿಡುತ್ತಿದ್ದ. ಅದನ್ನು ತರಿಸಿ, ತಾರೀಖು ಹೊಂದಿಸಲೆಂದು ನನ್ನ ಒಡಕಿನ ಪುಸ್ತಕದ ಮಗ್ಗುಲಿಗೆ ಇಟ್ಟುಕೊಂಡೆ. ನಾಲ್ಕು ಪುಟ ತಿರುವುವಷ್ಟರಲ್ಲಿ ಪೆನ್ಸಿಲ್ ಕೆಳಗಿಟ್ಟೆ.

ಕರೆಂಟು ಇಲ್ಲದ ದಿನ ಚಾಚಾ ನೋಡಿದ ಕಲ್ಲು ಒಂದೂ ಒಡೆದಿರಲಿಲ್ಲ.

ನಂಬಿಕೆಯಾಗದೆ ಮತ್ತೆ ಮೊದಲಿನಿಂದ ನೋಡಿದೆ. ಆ ದಿನಗಳಲ್ಲಿ ಕಲ್ಲು ಕಡಿಮೆ ಬಂದಿದ್ದವೇ? ಇಲ್ಲ, ಅಷ್ಟೇ ಬಂದಿದ್ದವು. ಟ್ರಾನ್ಸ್‌ಫಾರ್ಮರ್ ಸುಟ್ಟು ಒಂದು ವಾರ ಕತ್ತಲಾಗಿದ್ದ ದಿನಗಳ ಕಲ್ಲು ಪೂರ್ತಿ ವ್ಯಾಗನ್ ತುಂಬಿ ಹೋಗಿ, ಒಂದು ಚೂರು ಮುಕ್ಕಾಗದೆ ಮುಟ್ಟಿತ್ತು. ಒಡೆದ ಕಲ್ಲುಗಳ ತಾರೀಖೆಲ್ಲ ಯಂತ್ರ ನಡೆದ ದಿನಗಳದ್ದು. ಕಲ್ಲು ಒಡೆಯುವುದು ಎಂಟೋ ಹದಿನೈದೋ ದಿನ ಬಿಟ್ಟು, ಆದ್ದರಿಂದ ಯಾವ ದಿನ ಕಿವಿ ಸರಿಯಿತ್ತು, ಯಾವ ದಿನ ಇರಲಿಲ್ಲ ಎಂಬುದು ಪಾಪ ಚಾಚಾನಿಗೇ ತಿಳಿಯುವಂತಿರಲಿಲ್ಲ. ಎರಡೂ ಪುಸ್ತಕ ಎತ್ತಿಕೊಂಡು ಶೆಡ್ಡಿಗೆ ಓಡಿದೆ. ಯಂತ್ರ ನಡೆದಿತ್ತು, ಚಾಚಾ ಅವತ್ತು ಬಂದಿರಲಿಲ್ಲ. ಬೇವಿನ ಕೆಳಗೆ, ಚಾಚಾ ಕೂರುವ ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿದೆ. ಗಟ್ಟಿ ಕಲ್ಲನ್ನು ಕೊಯ್ಯುವಾಗ ಯಂತ್ರವೂ ಟಣ್ ಎಂದೇ ಹಾಡುತ್ತಿತ್ತು, ಸಣ್ಣಗೆ, ಉದ್ದಕ್ಕೆ. ಚಾಚಾ ಕೇಳುತ್ತಿದ್ದದ್ದು ತಮ್ಮ ಮುಂದಿನ ಕಲ್ಲಿನ ದನಿಯನ್ನಲ್ಲ, ಮಗ್ಗುಲಿನ ಯಂತ್ರದ ದನಿಯನ್ನು. ಖಣಿಯ ಸುತ್ತಿಗೆಗಳ ನಡುವೆ, ರೈಲಿನ ಗದ್ದಲದ ನಡುವೆ ನಲವತ್ತು ವರ್ಷ ತಪ್ಪದೆ ಕೇಳಿದ ಮನುಷ್ಯ, ಗದ್ದಲದ ಮೇಲೆ ಯಾಕೆ ಅನುಮಾನ ಪಡುತ್ತಾರೆ? ತಮ್ಮ ಮೇಲೆಯೇ ಪಟ್ಟರು.

ಅಪ್ಪನಿಗೆ ಹೇಳಿದೆ. ಅಪ್ಪ ನಂಬಲೂ ಇಲ್ಲ, ನಂಬದೆಯೂ ಇರಲಿಲ್ಲ. “ಸೋಮವಾರ ಭಾಯಿ ಬರ್ಲಿ, ನೋಡಾಮು” ಎಂದ. ಅವತ್ತು ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದ.

ಸೋಮವಾರ ಬ್ಯಾಂಕಿನ ಸಾಹೇಬರು ಬಂದರು. ಮೈಸೂರು ಕಡೆಯವರು, ಬಿಸಿಲಿಗೆ ಕೆಂಪಗಾಗಿ, ಕುಡಿಯಲು ಕೊಟ್ಟ ಮಜ್ಜಿಗೆಯನ್ನು ಮೂರು ಸಲ ಹಾಕಿಸಿಕೊಂಡರು. ಅವರು ನನ್ನ ಆಸ್ತಿಪಟ್ಟಿ ಹಿಡಿದು ಎತ್ತು ಎಣಿಸುತ್ತಿದ್ದಾಗ ಚಾಚಾ ಬಂದರು. ಒಗೆದ ಬಿಳಿ ಅಂಗಿ, ಕೈಯಲ್ಲಿ ಹಸಿರು ವಸ್ತ್ರದಲ್ಲಿ ಸುತ್ತಿದ ಹತೋಡಿ. ಅದನ್ನು ಎರಡೂ ಕೈಯಲ್ಲಿ ಅಪ್ಪನ ಮುಂದೆ ಚಾಚಿದರು. ಅಪ್ಪ ಕೈ ಮುಂದೆ ಮಾಡಲಿಲ್ಲ.

“ಚಾಚಾ, ಕೊಡಾಕಿಂತ ಮೊದಲ ಈ ಹತ್ತು ಕಲ್ಲು ನೋಡ್ರಿ. ಕಡೀ ಸಲ” ಎಂದೆ. ಯಂತ್ರ ನಿಲ್ಲಿಸಿಡಲು ಮೊದಲೇ ಹೇಳಿದ್ದೆ. ಚಾಚಾ ಬೇಡವೆಂದು ಕೈಯಾಡಿಸಿದರು, ನಾನು ಬಿಡಲಿಲ್ಲ. ಕೂತು ಬಡಿದರು. ಗಟ್ಟಿ, ಗಟ್ಟಿ, ಸೀಳು, ಗಟ್ಟಿ. ಕಲ್ಲಿಗೆ ಗುರುತು ಹಾಕಿಸದೆ, ನಾನು ಮೊದಲೇ ಹಿಂಬದಿಗೆ ಬರೆಸಿಟ್ಟಿದ್ದ ಅಂಕಿಯ ಪ್ರಕಾರ ಹಾಳೆಯ ಮೇಲೆ ಬರೆದುಕೊಂಡೆ. ಆಮೇಲೆ ಹಮಾಲರಿಂದ ಅದೇ ಹತ್ತು ಕಲ್ಲನ್ನು ಹಿಂದುಮುಂದು ಮಾಡಿಸಿ, ಯಂತ್ರಕ್ಕೆ ಒಂದು ಕಲ್ಲು ಕೊಟ್ಟು ನಡೆಸಿ ಎಂದೆ. ಚಾಚಾ ಮತ್ತೆ ಬಡಿದರು. ಈ ಸಲ ಹತ್ತೂ ಗಟ್ಟಿ.

“ಮೊದಲ ಸಲ ಮೂರು ಸೀಳು ಅಂದಿದ್ರಿ” ಎಂದೆ. ಆ ಮೂರನ್ನೂ ತೆಗೆಸಿ ಹಮಾಲನಿಗೆ ದೊಡ್ಡ ಸುತ್ತಿಗೆಯಿಂದ ಒಂದೊಂದು ಪೆಟ್ಟು ಹಾಕಿಸಿದೆ. ಮೂರೂ ಗೆರೆ ಕೊರೆದಂತೆ ಎರಡಾಗಿ ಬಿದ್ದವು. ಒಳಗಿನ ಹಳೆಯ ಬಿರುಕಿನ ಹಳದಿ ಮಣ್ಣು ಎಲ್ಲರಿಗೂ ಕಂಡಿತು. ಉಳಿದವಕ್ಕೆ ಅಷ್ಟೇ ಪೆಟ್ಟು ಹಾಕಿದರೂ ಏನೂ ಆಗಲಿಲ್ಲ.

ಚಾಚಾ ಒಡೆದ ಕಲ್ಲನ್ನು ನೋಡಿದರು, ಯಂತ್ರವನ್ನು ನೋಡಿದರು. ಅಪ್ಪ ಹೋಗಿ ತಾನೇ ಯಂತ್ರ ಆರಿಸಿದ. ಬಯಲೆಲ್ಲ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಚಾಚಾ ಇನ್ನೊಂದು ಕಲ್ಲಿಗೆ ಮೆಲ್ಲಗೆ ಬಡಿದು, ಕಿವಿಗೊಟ್ಟು, ಮತ್ತೆ ಬಡಿದು, ಸಣ್ಣ ಹುಡುಗರ ಹಾಗೆ ಕೇಳಿದರು, “ಅಂದ್ರ ನನ್ನ ಕಿವಿ ಹೋಗಿಲ್ಲ?”

“ಇಲ್ಲ ಭಾಯಿ” ಅಪ್ಪ ಎಂದ. “ನಾನೇ ತಂದು ನಿನ್ನ ಕಿವ್ಯಾಗ ಯಂತ್ರ ಕೂಡ್ಸಿದ್ದೆ.” ಇಬ್ಬರೂ ಮುದುಕರು ಅತ್ತರು. ಅಪ್ಪ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಬ್ಯಾಂಕಿನ ಸಾಹೇಬರು ಏನು ಮಾಡಬೇಕೋ ತಿಳಿಯದೆ ನಾಲ್ಕನೆಯ ಸಲ ಮಜ್ಜಿಗೆ ಕೇಳಿದರು.

ಎರಡನೆಯ ಯಂತ್ರ ಬೇಡ, ಇದ್ದ ಯಂತ್ರವನ್ನು ಕಿತ್ತು ನಮ್ಮ ಬಯಲಿನ ಕೊನೆಗಿರುವ ನಾಲೆಯ ಆಚೆ ದಂಡೆಗೆ ಒಯ್ಯಬೇಕು, ಅಲ್ಲೊಂದು ಶೆಡ್ಡು ಹಾಕಬೇಕು, ಅಷ್ಟಕ್ಕೆ ಸಾಲ ಕೊಡಿ ಎಂದು ಅಪ್ಪ ಕೇಳಿದ. ಸಾಹೇಬರು ಹಣೆ ಉಜ್ಜಿಕೊಂಡು ನನ್ನ ಕಡೆ ತಿರುಗಿದರು. “ಹೊಸ ಯಂತ್ರ ತಗೋತೀನಿ ಅಂದ್ರೆ ಸಾಲ ಕೊಡಬಹುದು. ಇರೋ ಯಂತ್ರಾನ ದೂರ ಇಡ್ತೀನಿ ಅಂದ್ರೆ ಯಾವ ಕಾಲಮ್ಮಿಗೆ ಹಾಕಲಿ? ಇದರಿಂದ ಏನು ಆಸ್ತಿ ಬಂತು ಅಂತ ಮೇಲಿನವರು ಕೇಳ್ತಾರಮ್ಮ” ಎಂದರು. ಕೆಟ್ಟವರಲ್ಲ, ಅವರ ಕಾಗದದಲ್ಲಿ ಜಾಗವಿರಲಿಲ್ಲ, ಅಷ್ಟೆ. ನನ್ನ ಕಾಗದದಲ್ಲೂ ಇರಲಿಲ್ಲವಲ್ಲ.

ನಾನು ಅಲ್ಲೇ ಕೂತು ಒಂದು ಹೊಸ ಹಾಳೆ ತೆಗೆದೆ. ಈ ಕಿವಿ ಬರಲಿಕ್ಕೆ ಎಷ್ಟು ವರ್ಷ ಬೇಕಾಯಿತು ಎಂದು ಚಾಚಾನನ್ನು ಕೇಳಿದೆ. “ಹನ್ನೆರಡು. ಮ್ಯಾಲ ಉಸ್ತಾದರ ಹೊಡತಾ ಬ್ಯಾರೆ” ಎಂದರು. ಇನ್ನೊಬ್ಬರನ್ನು ಹಾಗೆ ತಯಾರು ಮಾಡಬೇಕೆಂದರೆ ಹನ್ನೆರಡು ವರ್ಷದ ಪಗಾರ, ಕಲಿಯುವಾಗ ತಪ್ಪಿ ಒಡೆಯುವ ಕಲ್ಲು, ಇವರಿಲ್ಲದಿದ್ದರೆ ವಾಪಸು ಬರುವ ಮಾಲು, ಎಲ್ಲವನ್ನೂ ನನ್ನ ಎರಡು ಪುಸ್ತಕದಿಂದ ಎತ್ತಿ ಬರೆದೆ. ಉಸ್ತಾದರ ಹೊಡೆತಕ್ಕೆ ಬೆಲೆ ಕಟ್ಟಲಿಲ್ಲ. ಕೂಡಿಸಿದರೆ ಹೊಸ ಯಂತ್ರಕ್ಕಿಂತ ಹೆಚ್ಚಾಯಿತು. ಸಾಹೇಬರು ಓದಿ, ನಕ್ಕು, ಮತ್ತೆ ಓದಿದರು. ಆಮೇಲೆ ನಗದೆ ಆ ಹಾಳೆಯನ್ನು ನನ್ನ ಆಸ್ತಿಪಟ್ಟಿಯ ಮೇಲಿಟ್ಟು ಗುಂಡುಸೂಜಿ ಚುಚ್ಚಿಕೊಂಡರು. ಕೇಳಿದಷ್ಟು ಸಿಗಲಿಲ್ಲ, ಆದರೆ ಯಂತ್ರ ಒಯ್ಯುವಷ್ಟು ಸಿಕ್ಕಿತು. ಶೆಡ್ಡಿನ ತಗಡಿಗೆ ಅಪ್ಪ ಒಂದು ಜೊತೆ ಎತ್ತು ಮಾರಿದ.

ಎರಡನೆಯ ಯಂತ್ರ ಆಮೇಲೆ ಐದಾರು ವರ್ಷಕ್ಕೆ ಬಂತು, ಅದೂ ನಾಲೆಯ ಆಚೆಗೆ. ಅಷ್ಟರಲ್ಲಿ ಚಾಚಾನ ಸೊಸೆ ಬೇವಿನ ಕೆಳಗೆ ಕೂತು ಕಲಿಯುತ್ತಿದ್ದಳು. ಚಿಂಚೋಳಿ ಕಡೆಯ ಹೆಣ್ಣುಮಗಳು, ತಲೆಯ ಮೇಲೆ ಪರಸಿ ಹೊರುವ ಕೆಲಸಕ್ಕೆ ಬಂದವಳು. ಹೊತ್ತು ನಡೆಯುವಾಗಲೇ ಕಲ್ಲಿನ ದನಿ ಅವಳಿಗೆ ಅರ್ಧ ತಿಳಿದಿತ್ತಂತೆ, ಯಾರೂ ಕೇಳಿರಲಿಲ್ಲ. ಅವಳು ಕಲಿಯುವ ಕಾಲದ ಪಗಾರವನ್ನು ನಾನು ಖರ್ಚಿಗೆ ಹಾಕದೆ ಆಸ್ತಿಯ ಕಡೆ ಬರೆದೆ. ಲೆಕ್ಕ ತಪಾಸಣೆಗೆ ಬಂದವರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಮರುವರ್ಷ ಮತ್ತೆ ಬರೆದೆ, ಮತ್ತೆ ಹೊಡೆದರು. ನನ್ನ ಹಟ ಅವರಿಗೆ ಅಭ್ಯಾಸವಾಗಿ ಹೋಯಿತು.

ಆದರೆ ಆ ಸೋಮವಾರ ಇನ್ನೂ ಮುಗಿದಿರಲಿಲ್ಲ. ಸಾಹೇಬರು ಗುಲಬರ್ಗಾದ ರೈಲಿಗೆ ಹೋದರು, ಅಪ್ಪ ಅವರನ್ನು ಕಳಿಸಲು ಸ್ಟೇಶನ್ನಿಗೆ ಹೋದ. ಚಾಚಾ ಹತೋಡಿಯನ್ನು ಮತ್ತೆ ವಸ್ತ್ರದಲ್ಲಿ ಸುತ್ತದೆ ಮಡಿಲಲ್ಲಿಟ್ಟುಕೊಂಡು ಬೇವಿನ ಕೆಳಗೆ ಕೂತಿದ್ದರು. ನಾನು ಅವರ ಮುಂದೆ ಹೋಗಿ ನಿಂತೆ. ಅವರನ್ನು ತೆಗೆಯಬೇಕೆಂದು ಅಪ್ಪನಿಗೆ ಮೊದಲು ಹೇಳಿದವಳು ನಾನೇ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಶುಕ್ರವಾರ ನನ್ನ ಬಾಯಿಯನ್ನು ಆ ಮಾತಿನಿಂದ ಉಳಿಸಿದ್ದರು. ತಪ್ಪಾಯಿತು ಚಾಚಾ ಎನ್ನಲು ಹೋದವಳು ಅದರ ಬದಲು ಸಣ್ಣವಳಿದ್ದಾಗಿನ ಹಾಗೆ ತಲೆ ಬಗ್ಗಿಸಿದೆ.

ಚಾಚಾ ಮಡಿಲಿನ ಹತೋಡಿಯನ್ನು ಪಕ್ಕಕ್ಕಿಟ್ಟರು. ಆಮೇಲೆ ನೆತ್ತಿಯ ಮೇಲೆ ಬೆರಳಿನ ಗೆಣ್ಣು ಬಡಿಯಿತು, ಒಂದು ಸಲ, ಎರಡು ಸಲ. ಕಿವಿ ಹತ್ತಿರ ತಂದರು.

“ಸಣ್ಣ ಸೀಳು ಅದ” ಎಂದರು. ಮತ್ತೊಂದು ಸಲ ಬಡಿದು ಕೇಳಿದರು. “ಆಳಕ್ಕ ಹೋಗಿಲ್ಲ. ಇರ್ಲಿ, ನಮ್ಮ ಮನಿಗೆ ಬೇಕು ಇದು.”